ಮೊದಲ ಐದು ಗೆಲುವುಗಳು

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕಲಿತು, ಮುಂದೆ ಎಂಜಿನಿಯರಿಂಗ್ ಮುಗಿಸಿ, ಹೆಚ್ಚಿನ ವ್ಯಾಸಂಗಕ್ಕಾಗಿ ಅಮೇರಿಕಕ್ಕೆ ಹೋದ ಹಳೆ ವಿದ್ಯಾರ್ಥಿಯೊಬ್ಬ ಈಚೆಗೆ ರಜೆಯಲ್ಲಿ ಊರಿಗೆ ಬಂದಾಗ ನಮ್ಮನ್ನು ಕಾಣಲು ಶಾಲೆಗೂ ಬಂದಿದ್ದ. ಅವನು ತೊಟ್ಟಿದ್ದ ನೀಲಿ ಅಂಗಿಯ ಎದೆಯ ಮೇಲೆ ಕೆಂಪು ತಲೆಯ, ಹಳದಿ ಕೊಕ್ಕಿನ ಒಂದು ಹಕ್ಕಿಯ ಚಿತ್ರವಿತ್ತು. ಹಕ್ಕಿಯ ಕಾಲಿಗೆ ಬೂಟು! ಎಂಟನೆಯ ತರಗತಿಯ ಮಕ್ಕಳು ಅವನನ್ನು ಸುತ್ತುವರಿದು, "ಅಣ್ಣಾ, ಇದು ಯಾವ ಹಕ್ಕಿ?" ಎಂದು ಕೇಳಿದರು. "ಇದಕ್ಕೆ ಜೇಹಾಕ್ ಎಂದು ಹೆಸರು. ಯಾವ ಕಾಡಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ನಾನು ಕಲಿತ ಕನ್ಸಾಸ್ ವಿಶ್ವವಿದ್ಯಾಲಯದ ಗುರುತು ಇದು" ಎಂದ. ಅಲ್ಲಿಂದ ಹೊರಟ ಮಾತು ಆ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡದ ಮೇಲೆ ಬಂದು ನಿಂತಿತು. ಅಧ್ಯಾಪಕರ ಕೊಠಡಿಯಲ್ಲಿ ಚಹಾ ಆರಿಹೋಗುವವರೆಗೂ ಅವನು ಹೇಳಿದ, ನಾವು ಕೇಳಿದೆವು. ಆಮೇಲೆ ನಾವೂ ಆ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆವು. ಓದಿದಷ್ಟೂ ಒಂದು ವಿಚಾರ ನಮ್ಮನ್ನು ಕಾಡತೊಡಗಿತು. ಅದನ್ನು ವಿದ್ಯಾರ್ಥಿಗಳ ಮತ್ತು ಅವರ ಹೆತ್ತವರ ಮುಂದೆ ಇಡೋಣವೆಂದು ಈ ಬರಹ.

ಫುಟ್ಬಾಲ್ ಎಂದ ಕೂಡಲೆ ನಮ್ಮ ಮಕ್ಕಳಿಗೆ ನೆನಪಾಗುವುದು ಕೊಯ್ಲಾದ ಗದ್ದೆಯ ಸೆವೆನ್ಸ್ ಪಂದ್ಯಾಟ, ಇಲ್ಲವೆ ವಿಶ್ವಕಪ್ ಬಂದಾಗ ನಮ್ಮ ಜಂಕ್ಷನ್ನುಗಳಲ್ಲಿ ಹಾರಾಡುವ ಅರ್ಜೆಂಟೀನ, ಬ್ರೆಜಿಲ್ ಪತಾಕೆಗಳು. ಅಮೇರಿಕದವರು ಫುಟ್ಬಾಲ್ ಎನ್ನುವುದು ಬೇರೆಯೇ ಒಂದು ಆಟವನ್ನು. ಅಲ್ಲಿ ಚೆಂಡು ಉರುಟಾಗಿಲ್ಲ, ಸಿಪ್ಪೆ ಸುಲಿಯದ ತೆಂಗಿನಕಾಯಿಯಂತೆ ನೀಳ. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. 100 ಗಜ ಉದ್ದದ ಬಯಲು, ಪಕ್ಷಕ್ಕೆ 11 ಮಂದಿ. ಚೆಂಡು ಸಿಕ್ಕಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ ದೊರೆಯುತ್ತದೆ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿಸಿದರೆ 6 ಅಂಕ. ಬಳಿಕ ಚೆಂಡನ್ನು ಒದ್ದು ಎತ್ತರದ ಎರಡು ಕಂಬಗಳ ನಡುವೆ ಹಾಯಿಸಿದರೆ ಇನ್ನೊಂದು ಅಂಕ, ಒದೆಯದೆ ಸಾಹಸ ಮಾಡಿ ಮತ್ತೊಮ್ಮೆ ಗೆರೆ ದಾಟಿಸಿದರೆ ಎರಡು. ಗೆರೆಯವರೆಗೆ ಹೋಗಲಾರೆವೆಂದು ಕಂಡಾಗ ದೂರದಿಂದಲೇ ಕಂಬಗಳ ನಡುವೆ ಒದ್ದು 3 ಅಂಕ ಪಡೆಯುವುದೂ ಉಂಟು. ಕಾಲೇಜು ತಂಡಗಳು ಸೆಪ್ಟೆಂಬರದಿಂದ ನವೆಂಬರದವರೆಗೆ, ಹೆಚ್ಚಾಗಿ ಶನಿವಾರಗಳಂದು, 12 ಪಂದ್ಯಾಟಗಳನ್ನು ಆಡುತ್ತವೆ. ಅವುಗಳಲ್ಲಿ ಆರನ್ನು ಗೆದ್ದ ತಂಡಕ್ಕೆ ವರ್ಷದ ಕೊನೆಗೆ ನಡೆಯುವ ‘ಬೌಲ್’ ಎಂಬ ವಿಶೇಷ ಪಂದ್ಯಾಟಕ್ಕೆ ಅರ್ಹತೆ ಬರುತ್ತದೆ. ಇಷ್ಟು ತಿಳಿದರೆ ಸಾಕು.

ಕನ್ಸಾಸ್ ಅಮೇರಿಕದ ನಡುಮಧ್ಯದ ರಾಜ್ಯ, ಗೋಧಿಯ ನಾಡು. ಅಲ್ಲಿನ ಲಾರೆನ್ಸ್ ಎಂಬ ಪಟ್ಟಣದಲ್ಲಿ ಈ ವಿಶ್ವವಿದ್ಯಾಲಯವಿದೆ. ತಂಡವು ಗೆಲುವಿನ ಸಂಭ್ರಮದಲ್ಲಿರುವಾಗ ನೋಡುವವರೆಲ್ಲ ಎದ್ದು ನಿಂತು ಎರಡು ಕೈಗಳನ್ನೂ ಮೇಲೆತ್ತಿ ಮೆಲ್ಲಗೆ ಆಚೀಚೆ ತೂಗುತ್ತಾರಂತೆ, ಗಾಳಿಗೆ ಗೋಧಿಯ ಪೈರು ತೊನೆದಾಡುವಂತೆ. ಸಾಗುವಳಿ ಮಾಡುವ ಜನರಿಗೆ ಸಹಜವಾಗಿ ಹೊಳೆಯುವ ಸಂಭ್ರಮ ಇದು. ಅವರ ಪ್ರಸಿದ್ಧ ಘೋಷಣೆಯನ್ನು 1886ರಲ್ಲಿ ಕಟ್ಟಿಕೊಟ್ಟವರು ರಸಾಯನಶಾಸ್ತ್ರದ ಒಬ್ಬ ಪ್ರಾಧ್ಯಾಪಕರು. ವಿಶ್ವವಿದ್ಯಾಲಯವಿರುವ ಗುಡ್ಡದ ಸುಣ್ಣಕಲ್ಲಿನ ಹೆಸರು ಆ ಘೋಷಣೆಯಲ್ಲಿ ಸೇರಿಕೊಂಡಿದೆ. ವಿಜ್ಞಾನದ ಅಧ್ಯಾಪಕರಿಗೆ ಸಾಹಿತ್ಯ ಬಾರದೆಂದು ನಾವು ಭಾಷಾ ಅಧ್ಯಾಪಕರು ಹಾಸ್ಯ ಮಾಡುವುದುಂಟು, ಇನ್ನು ಮುಂದೆ ಸ್ವಲ್ಪ ತಡೆದು ಮಾತಾಡಬೇಕು.

ಈ ವಿಶ್ವವಿದ್ಯಾಲಯದ್ದು ಇಬ್ಬರು ಮಕ್ಕಳಿರುವ ಮನೆಯ ಕಥೆ. ಹಿರಿಯ ಮಗ ಬಾಸ್ಕೆಟ್‌ಬಾಲ್. ಆ ಆಟವನ್ನು 1891ರಲ್ಲಿ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರೇ ಇಲ್ಲಿನ ಮೊದಲ ತರಬೇತುದಾರರು. (ಆ ಆಟದ ಜನಕನಾದ ಅವರೊಬ್ಬರೇ ಇಲ್ಲಿ ಗೆದ್ದದ್ದಕ್ಕಿಂತ ಹೆಚ್ಚು ಸೋತ ಬಾಸ್ಕೆಟ್‌ಬಾಲ್ ತರಬೇತುದಾರರು: 55 ಗೆಲುವು, 60 ಸೋಲು. ಇದು ನೆನಪಿನಲ್ಲಿರಲಿ.) ಅವರ ಬಳಿಕ ಆ ತಂಡ ದೇಶದ ಶ್ರೇಷ್ಠ ತಂಡಗಳಲ್ಲೊಂದಾಯಿತು. 2022ರ ಎಪ್ರಿಲಿನಲ್ಲಿಯೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಕಿರಿಯ ಮಗ ಫುಟ್ಬಾಲ್. ಹಿರಿಯವನು ರ‍್ಯಾಂಕ್ ತರುವ ಮನೆಯಲ್ಲಿ ಕಿರಿಯವನ ಅಂಕಪಟ್ಟಿಯನ್ನು ಯಾರೂ ಕೇಳುವುದಿಲ್ಲವಷ್ಟೆ. ಕೇಳಿದರೂ ನಗುವುದಕ್ಕಾಗಿ ಕೇಳುತ್ತಾರೆ.

ಹಾಗೆಂದು ಅವನು ಹುಟ್ಟಿನಿಂದಲೇ ದಡ್ಡನೇನಲ್ಲ. 2007ರಲ್ಲಿ ಆ ತಂಡ ಒಂದೇ ಒಂದು ಪಂದ್ಯಾಟ ಸೋತು, 2008ರ ಜನವರಿಯಲ್ಲಿ ಆರೆಂಜ್ ಬೌಲ್ ಗೆದ್ದಿತ್ತು. 2009ರಲ್ಲಿ ಮೊದಲ ಐದು ಪಂದ್ಯಾಟಗಳನ್ನೂ ಗೆದ್ದಿತು. ಆಮೇಲೆ ಉಳಿದ ಏಳನ್ನೂ ಸೋತಿತು. ಅಲ್ಲಿಂದ ಮುಂದಿನದು ಕತ್ತಲೆಯ ಕಾಲ. 2010ರಿಂದ 2021ರವರೆಗೆ 12 ವರ್ಷಗಳಲ್ಲಿ ಆಡಿದ 141 ಪಂದ್ಯಾಟಗಳ ಪೈಕಿ ಗೆದ್ದದ್ದು 23 ಮಾತ್ರ. ಯಾವೊಂದು ವರ್ಷವೂ ಮೂರಕ್ಕಿಂತ ಹೆಚ್ಚು ಗೆಲುವಿಲ್ಲ. 2015ರಲ್ಲಿ ಆಡಿದ ಹನ್ನೆರಡೂ ಸೋಲು. 2020ರಲ್ಲಿ, ಕೊರೋನದ ವರ್ಷ, ಆಡಿದ ಒಂಬತ್ತೂ ಸೋಲು. ಪರವೂರಿಗೆ ಹೋಗಿ ಆಡಿದ 46 ಪಂದ್ಯಾಟಗಳನ್ನು ಒಂದರ ಹಿಂದೊಂದು ಸೋತು, 2018ರಲ್ಲಿ ಕೊನೆಗೊಮ್ಮೆ ಗೆದ್ದರು. ಲೆಕ್ಕದ ಅಧ್ಯಾಪಕರು ಶೇಕಡಾ ತೆಗೆಯಲಿಕ್ಕೆ ಒಳ್ಳೆಯ ಉದಾಹರಣೆಗಳಿವು.

ಇದಕ್ಕೆ ಕಾರಣವೇನು? ಆಟಗಾರರು ಸೋಮಾರಿಗಳಾಗಿದ್ದರು ಎಂದು ನಾವು ನಂಬುವುದಿಲ್ಲ. 2010ರಿಂದ 2020ರವರೆಗಿನ 11 ವರ್ಷಗಳಲ್ಲಿ ನಾಲ್ವರು ಮುಖ್ಯ ತರಬೇತುದಾರರು ಬಂದು ಹೋದರು. ಬಂದವರೆಲ್ಲ ಹಿಂದಿನವರ ಪಾಠವನ್ನು ಒರಸಿ ಹೊಸತನ್ನು ಬರೆದರು. ಒಬ್ಬರು ಬೇಗನೆ ಫಲ ಕಾಣಬೇಕೆಂದು ಬೇರೆ ಸಣ್ಣ ಕಾಲೇಜುಗಳಲ್ಲಿ ಎರಡು ವರ್ಷ ಕಳೆದ ಆಟಗಾರರನ್ನೇ ಹೆಚ್ಚಾಗಿ ತಂದರು. ಅಂಥವರಲ್ಲಿ ಹಲವರು ಬಂದಷ್ಟೇ ಬೇಗ ಹೋದರು. ವಿದ್ಯಾರ್ಥಿವೇತನ ಕೊಟ್ಟು 85 ಮಂದಿಯನ್ನು ಇಟ್ಟುಕೊಳ್ಳಬಹುದಾಗಿದ್ದಲ್ಲಿ ತಂಡದ ಬಲ ಅದಕ್ಕಿಂತ ಬಹಳ ಕೆಳಕ್ಕೆ ಇಳಿಯಿತು. ಒಂದು ತರಗತಿಗೆ ಒಂದೇ ವರ್ಷದಲ್ಲಿ ಮೂವರು ಅಧ್ಯಾಪಕರು ಬದಲಾದರೆ ಏನಾಗುತ್ತದೆಂದು ನಮ್ಮ ಗಡಿನಾಡಿನ ಹೆತ್ತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2021ರ ಎಪ್ರಿಲ್ ಕೊನೆಗೆ ಲ್ಯಾನ್ಸ್ ಲೈಪೋಲ್ಡ್ ಎಂಬವರು ಹೊಸ ತರಬೇತುದಾರರಾಗಿ ಬಂದರು. ಅವರು ದೊಡ್ಡ ಹೆಸರಿನವರಲ್ಲ. ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಸಣ್ಣ ಊರಿನ ಕಾಲೇಜಿನಲ್ಲಿ, ಆಟಕ್ಕೆಂದು ವಿದ್ಯಾರ್ಥಿವೇತನವೇ ಇಲ್ಲದ ಮೂರನೆಯ ದರ್ಜೆಯ ವಿಭಾಗದಲ್ಲಿ, ಆರು ಸಲ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದವರು. ಮೊದಲ ವರ್ಷ ಅವರೂ ಎರಡೇ ಪಂದ್ಯಾಟ ಗೆದ್ದರು. ಆದರೆ ಆ ಎರಡರಲ್ಲಿ ಒಂದನ್ನು ಹೇಳದೆ ಬಿಡಲಾಗದು. 2021 ನವೆಂಬರ 13ರಂದು ಆಸ್ಟಿನ್ ನಗರದಲ್ಲಿ, ಬಲಾಢ್ಯವಾದ ಟೆಕ್ಸಾಸ್ ತಂಡದೆದುರು ಆಟ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಟೆಕ್ಸಾಸ್ ಗೆರೆ ದಾಟಿ, ಒದ್ದು, 7 ಅಂಕ ಮುಂದೆ ಹೋಯಿತು. ಕನ್ಸಾಸ್ ಕೂಡ ಗೆರೆ ದಾಟಿತು. ಈಗ ಚೆಂಡನ್ನು ಒದ್ದು ಒಂದು ಅಂಕ ಪಡೆದರೆ ಸಮ, ಆಟ ಮುಂದುವರಿಯುತ್ತದೆ. ಲೈಪೋಲ್ಡ್ ಅದನ್ನು ಬಿಟ್ಟು ಎರಡು ಅಂಕದ ಸಾಹಸಕ್ಕೆ ಇಳಿದರು. ಬೀಳುವುದರೊಳಗೆ ಜೇಲನ್ ಡೇನಿಯಲ್ಸ್ ಎಸೆದ ಚೆಂಡನ್ನು ಹಿಡಿದದ್ದು ಜಾರೆಡ್ ಕೇಸಿ ಎಂಬ ಹುಡುಗ. ಅವನು ವಿದ್ಯಾರ್ಥಿವೇತನವಿಲ್ಲದೆ ತಾನಾಗಿ ಬಂದು ತಂಡ ಸೇರಿಕೊಂಡಿದ್ದವನು, ಅದೇ ರಾಜ್ಯದ ಒಂದು ಪುಟ್ಟ ಊರಿನವನು. 57–56! ತಮ್ಮ ವಲಯದ ತಂಡಗಳ ಬಯಲಿಗೆ ಹೋಗಿ ಆಡಿದ 56 ಪಂದ್ಯಾಟಗಳ ಸೋಲಿನ ಸರಪಳಿ ಆ ರಾತ್ರಿ ತುಂಡಾಯಿತು.

ಮತ್ತೆ ಬಂತು 2022. ಸೆಪ್ಟೆಂಬರ 2ರಂದು ಟೆನೆಸಿ ಟೆಕ್ ಎಂಬ ಸಣ್ಣ ತಂಡದ ಮೇಲೆ 56–10. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದಿನ ವಾರ ಪಶ್ಚಿಮ ವರ್ಜೀನಿಯದಲ್ಲಿ ಹೆಚ್ಚುವರಿ ಅವಧಿಯ ಬಳಿಕ 55–42. ಅದರ ಮುಂದಿನ ವಾರ ಹ್ಯೂಸ್ಟನ್ನಿನಲ್ಲಿ 48–30. ನಾಲ್ಕನೆಯ ವಾರ ಸ್ವಂತ ಬಯಲಿನಲ್ಲಿ ಡ್ಯೂಕ್ ಮೇಲೆ 35–27. ಎಷ್ಟೋ ವರ್ಷ ಅರ್ಧಕ್ಕರ್ಧ ಖಾಲಿ ಬಿದ್ದಿದ್ದ, ಆಗ 47,000 ಮಂದಿ ಹಿಡಿಯುತ್ತಿದ್ದ ಕ್ರೀಡಾಂಗಣ ಈಗ ತುಂಬಿತು. ನಮ್ಮ ಹಳೆ ವಿದ್ಯಾರ್ಥಿಗೆ ಟಿಕೆಟಿನ ಹಣ ಹೆಚ್ಚೆಂದು ಕಂಡು, ಪಕ್ಕದ ಗುಡ್ಡದ ಇಳಿಜಾರಿನಲ್ಲಿ ಹುಲ್ಲಿನ ಮೇಲೆ ಕೂತು ನೋಡಿದನಂತೆ. ಬಯಲಾಟಕ್ಕೆ ಚಾಪೆ ಹಿಡಿದುಕೊಂಡು ಹೋದ ಊರಿನವನಿಗೆ ಅದು ಕಷ್ಟವೆನಿಸಲಿಲ್ಲ.

ಐದನೆಯದು ಒಕ್ಟೋಬರ 1ರಂದು ಅಯೋವ ಸ್ಟೇಟ್ ವಿರುದ್ಧ. ಇದು ಅಂಕಗಳ ಮಳೆಗರೆದ ಆಟವಲ್ಲ, ಬಿಗಿಯಾದ ಆಟ. ಕನ್ಸಾಸಿಗೆ 14, ಎದುರಾಳಿಗೆ 11. ಕೊನೆಯ ಕ್ಷಣಗಳಲ್ಲಿ ಅಯೋವ ಸ್ಟೇಟಿನ ಒದೆಗಾರನಿಗೆ 37 ಗಜ ದೂರದಿಂದ ಆಟವನ್ನು ಸಮ ಮಾಡುವ ಅವಕಾಶ. ಅವನು ಆ ವರ್ಷವಷ್ಟೇ ಕಾಲೇಜಿಗೆ ಸೇರಿದ ಹುಡುಗ, ಆ ದಿನ ಆಗಲೇ ಎರಡು ಬಾರಿ ಗುರಿ ತಪ್ಪಿದ್ದ. ಮೂರನೆಯದೂ ತಪ್ಪಿತು. ಸಾವಿರಾರು ಕೈಗಳು ಗೋಧಿಯ ಪೈರಿನಂತೆ ಮೇಲೆದ್ದವು. ಗುಡ್ಡದ ಮೇಲಿದ್ದ ನಮ್ಮ ಹುಡುಗ ತನಗೆ ಪರಿಚಯವೇ ಇಲ್ಲದ ಒಬ್ಬ ಮುದುಕನನ್ನು ತಬ್ಬಿಕೊಂಡನಂತೆ. ಆ ಮುದುಕ ಅಳುತ್ತಿದ್ದರು. "ಮಾಷ್ಟ್ರೇ, ಆ ಒದೆಗಾರ ಹುಡುಗನ ಮುಖ ನನಗೆ ಕಂಡದ್ದು ಮನೆಗೆ ಹೋಗಿ ಟಿ.ವಿ.ಯಲ್ಲಿ ನೋಡಿದಾಗ. ಆಗ ಸ್ವಲ್ಪ ಬೇಜಾರಾಯಿತು" ಎಂದೂ ಹೇಳಿದ. ಈ ಮಾತಿಗಾಗಿ ನಾವು ಅವನನ್ನು ಮನಸ್ಸಿನಲ್ಲಿಯೇ ಮೆಚ್ಚಿದೆವು.

ಐದು ವಾರಗಳಲ್ಲಿ ಐದು ಗೆಲುವು. ಹಿಂದಿನ ಮೂರು ವರ್ಷಗಳ ಗೆಲುವುಗಳನ್ನೆಲ್ಲ ಕೂಡಿಸಿದರೂ ಐದೇ. ದೇಶದ ತಂಡಗಳ ಶ್ರೇಣಿಯಲ್ಲಿ 2009ರ ಬಳಿಕ ಮೊದಲ ಬಾರಿ ಕನ್ಸಾಸಿನ ಹೆಸರು ಕಾಣಿಸಿತು, 19ನೆಯ ಸ್ಥಾನದಲ್ಲಿ.

ಇಲ್ಲಿ ನಮ್ಮ ವಿಚಾರಕ್ಕೆ ಬರುತ್ತೇವೆ. ಆ ಮುದುಕರು ಅತ್ತರೆಂದೆವು. ಅವರಿಗೆ 2009 ಮರೆತಿರಲಿಲ್ಲ. ಅಂದೂ ಇದೇ ಐದು, ಆಮೇಲೆ ಸಾಲಾಗಿ ಏಳು ಸೋಲು, ಆಮೇಲೆ 12 ವರ್ಷಗಳ ಕತ್ತಲೆ. ಐದು ಗೆದ್ದ ಮಾತ್ರಕ್ಕೆ ಏನೂ ಖಚಿತವಲ್ಲವೆಂದು ಆ ಗುಡ್ಡದಲ್ಲಿ ಕೂತಿದ್ದವರಷ್ಟು ಚೆನ್ನಾಗಿ ಬಲ್ಲವರು ಲೋಕದಲ್ಲಿ ಇರಲಾರರು. ಬಲ್ಲವರಾಗಿಯೂ ಅವರು ಕುಣಿದರು. ‘ನೋಡೋಣ, ಕೊನೆಗೇನಾಗುತ್ತದೋ’ ಎಂದು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಇದು ಅವಿವೇಕವೇ? ನಾವು ಅವಿವೇಕವೆನ್ನುವುದಿಲ್ಲ. ಸೋತು ಸೋತು ಸಾಕಾದವರಿಗೆ ಒಂದು ಒಳ್ಳೆಯ ಆರಂಭ ಸಿಕ್ಕಾಗ ಅದನ್ನು ಅಂದೇ, ಆ ಹೊತ್ತೇ ಪೂರ್ತಿಯಾಗಿ ಅನುಭವಿಸುವುದು ಸರಿ ಎಂಬುದು ನಮ್ಮ ಅಭಿಪ್ರಾಯ. ಆರಂಭದ ಸಂತೋಷವೆಂಬುದು ಅಂತ್ಯದಿಂದ ತಂದ ಕೈಗಡವಲ್ಲ, ಕೊನೆಗೆ ಬಡ್ಡಿ ಸಮೇತ ಹಿಂದೆ ಕೊಡಬೇಕಾದುದೂ ಅಲ್ಲ.

ನಾವೇ ಈ ಅಭಿಪ್ರಾಯಕ್ಕೆ ತಡವಾಗಿ ಬಂದವರು. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕನ್ನಡದ ಪತ್ರಿಕೆಯಲ್ಲಿ ಅವನು 50ಕ್ಕೆ 15 ದಾಟಿದ್ದನ್ನು ನಾವು ಕಂಡಿರಲಿಲ್ಲ. ಹತ್ತನೆಯ ತರಗತಿಯ ಓಣಂ ಪರೀಕ್ಷೆಯಲ್ಲಿ ಅವನಿಗೆ 34 ಬಂತು. ಉತ್ತರ ಪತ್ರಿಕೆ ಹಂಚಿದ ದಿನ ಬೆಲ್ಲಾದ ಮೇಲೆ ಅವನು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. "ಮಾಷ್ಟ್ರೇ, ಮೂವತ್ತನಾಲ್ಕು" ಎಂದ. ಅಂಕ ಹಾಕಿದವರು ನಾವೇ, ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಹೇಳಲು ಬಂದಿದ್ದ. ನಾವು ಕನ್ನಡಕ ಏರಿಸಿಕೊಂಡು, "ಇರಲಿ, ಕ್ರಿಸ್ಮಸ್ ಪರೀಕ್ಷೆಯಲ್ಲಿ ನೋಡುವ" ಎಂದೆವು. ಅವನು "ಸರಿ" ಎಂದು ಹೋದ. ಹುರಿದುಂಬಿಸಬೇಕೆಂದೇ ನಾವು ಹಾಗೆ ಹೇಳಿದ್ದು, ಗರ್ವ ಬರಬಾರದೆಂದು ಹೇಳಿದ್ದು. ಕ್ರಿಸ್ಮಸ್ ಪರೀಕ್ಷೆಯಲ್ಲಿ ಅವನಿಗೆ ಎಷ್ಟು ಬಂತೆಂದು ಇಲ್ಲಿ ಹೇಳುವುದಿಲ್ಲ, ಅದು ಮುಖ್ಯವಲ್ಲ. ಆಮೇಲೆ ಅವನು ಆ ಬಾಗಿಲಿಗೆ ಬರಲಿಲ್ಲ, ಅಷ್ಟೆ. ಕನ್ಸಾಸಿನ ಆ ಮುದುಕರ ಕಥೆ ಕೇಳುತ್ತಿದ್ದಾಗ ನಮಗೆ ಕಂಡದ್ದು ಬಾಗಿಲಲ್ಲಿ ನಿಂತಿದ್ದ ಆ ಹುಡುಗನೇ. ಆ ದಿನ ಒಂದು ಚಹಾ ತರಿಸಿಕೊಟ್ಟಿದ್ದರೆ ನಮ್ಮ ಗಂಟೇನೂ ಹೋಗುತ್ತಿರಲಿಲ್ಲ.

ಹೆತ್ತವರೂ ಈ ತಪ್ಪು ಮಾಡುತ್ತಾರೆಂದು ಅಧ್ಯಾಪಕ-ರಕ್ಷಕ ಸಂಘದ ಸಭೆಗಳಲ್ಲಿ ನಾವು ಕಂಡಿದ್ದೇವೆ. ಮಗಳು ಇಂಗ್ಲಿಷಿನಲ್ಲಿ ಮೊದಲ ಬಾರಿ ಒಳ್ಳೆಯ ಗ್ರೇಡ್ ಪಡೆದಿದ್ದಾಳೆಂದರೆ, "ಈಗ ಬಂದದ್ದು ದೊಡ್ಡದಲ್ಲ ಮಾಷ್ಟ್ರೇ, ಎಸ್ಸೆಸ್ಸೆಲ್ಸಿಯಲ್ಲಿ ಬರಬೇಕಲ್ಲ" ಎನ್ನುವ ತಂದೆಯವರು ಎಷ್ಟು ಮಂದಿ! ಪಕ್ಕದಲ್ಲೇ ನಿಂತ ಮಗಳ ಮುಖ ಅವರಿಗೆ ಕಾಣಿಸುವುದಿಲ್ಲ. ಕೆಲವರು ಇದಕ್ಕೆ ವಿರುದ್ಧ ದಿಕ್ಕಿಗೆ ಹೋಗುತ್ತಾರೆ. ಮಗುವಿಗೆ ಒಂದು ಸಲ ಒಳ್ಳೆಯ ಅಂಕ ಬಂದರೆ ಸಾಕು, ಮರುದಿನವೇ ಟ್ಯೂಷನ್, ಮರುವಾರವೇ ಡಾಕ್ಟರನ್ನಾಗಿ ಮಾಡುವ ಮಾತು. ಈ ಎರಡರಲ್ಲಿಯೂ ಆ ದಿನವನ್ನು ಮಗುವಿನ ಕೈಯಿಂದ ಕಿತ್ತುಕೊಂಡಂತೆಯೇ ಆಗುತ್ತದೆ.

ಅತಿ ಸಂಭ್ರಮದಿಂದ ಅಹಂಕಾರ ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ, ಗೆದ್ದೇ ಅಭ್ಯಾಸವಿರುವವರಿಗೆ. ಯಾವಾಗಲೂ ಸೋಲುವವನಿಗೆ ಐದು ಗೆಲುವಿನಿಂದ ಬರುವುದು ಅಹಂಕಾರವಲ್ಲ, ಬೆನ್ನು ನೆಟ್ಟಗಾಗುವುದು ಮಾತ್ರ. ಸೋಲು ಬಹಳ ದಿನ ಜೊತೆಗಿದ್ದರೆ ಜನ ಅದನ್ನೇ ಆಭರಣ ಮಾಡಿಕೊಂಡುಬಿಡುತ್ತಾರೆ. ಇದಕ್ಕೆ ಅಮೇರಿಕದಲ್ಲಿಯೇ ಒಂದು ನಿದರ್ಶನವಿದೆ. ಶಿಕಾಗೊ ಸಮೀಪದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 1979ರಿಂದ 1982ರವರೆಗೆ ಸತತವಾಗಿ 34 ಪಂದ್ಯಾಟ ಸೋತಿತು. 1981ರ ನವೆಂಬರದಲ್ಲಿ ಮಿಶಿಗನ್ ಸ್ಟೇಟ್ ವಿರುದ್ಧ 61–14ರಿಂದ ಸೋತು ಸತತ ಸೋಲಿನ ದಾಖಲೆ ಮುರಿದಾಗ, ಸ್ವಂತ ವಿದ್ಯಾರ್ಥಿಗಳೇ ಬಯಲಿಗೆ ನುಗ್ಗಿ, ‘ನಾವೇ ಅತಿ ಕಳಪೆ’ ಎಂದು ಕೂಗುತ್ತ ಗೋಲಿನ ಕಂಬಗಳನ್ನು ಕಿತ್ತರು. ತಮಾಷೆಯೇ ಸರಿ. ಆದರೆ ಆ ಮಧ್ಯಾಹ್ನ ಬಯಲಿನಲ್ಲಿ ಬಿದ್ದು ಎದ್ದು ಮೈಯೆಲ್ಲ ಮಣ್ಣಾಗಿದ್ದ 11 ಮಂದಿಗೆ ಆ ಕೂಗು ಹೇಗೆ ಕೇಳಿಸಿರಬಹುದು? ಮರುವರ್ಷ ಸೆಪ್ಟೆಂಬರದಲ್ಲಿ ನಾರ್ದರ್ನ್ ಇಲಿನಾಯ್ ತಂಡವನ್ನು 31–6ರಿಂದ ಗೆದ್ದಾಗ ಅದೇ ವಿದ್ಯಾರ್ಥಿಗಳು ಮತ್ತೊಮ್ಮೆ ಕಂಬ ಕಿತ್ತು, ಹೊತ್ತುಕೊಂಡು ಹೋಗಿ ಮಿಶಿಗನ್ ಸರೋವರಕ್ಕೆ ಎಸೆದರು. ಎರಡೂ ಸಲ ಕಿತ್ತದ್ದು ಕಂಬವನ್ನೇ. ಎರಡನೆಯ ಸಲ ಕಿತ್ತದ್ದನ್ನು ನಾವು ಕ್ಷಮಿಸುತ್ತೇವೆ. (ನಮ್ಮ ವಿದ್ಯಾರ್ಥಿಗಳು ಇದನ್ನು ಅನುಕರಿಸಬೇಕಾಗಿಲ್ಲ. ನಮ್ಮ ಬಯಲಿನ ಗೋಲಿಗೆ ಇರುವುದು ಅಡಿಕೆ ಮರದ ಕಂಬ. ಅದನ್ನು ಮತ್ತೆ ತಂದು ನೆಡಬೇಕಾದವರು ದೈಹಿಕ ಶಿಕ್ಷಣದ ಅಧ್ಯಾಪಕರು. ಹತ್ತಿರದಲ್ಲಿ ಸರೋವರವೂ ಇಲ್ಲ.)

ಇನ್ನೊಂದು ಆಕ್ಷೇಪಣೆಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಅಮೇರಿಕದ ಕಾಲೇಜು ಫುಟ್ಬಾಲ್ ಇಂದು ವಿದ್ಯಾರ್ಥಿಗಳ ಆಟವಾಗಿ ಉಳಿದಿಲ್ಲ. ತರಬೇತುದಾರರ ಸಂಬಳ ಕೋಟಿಗಟ್ಟಲೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನ ಬಲದಿಂದ ಹಣ ಸಂಪಾದಿಸಬಹುದೆಂದಾಯಿತು. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹಾರುವುದೂ ಸಲೀಸಾಯಿತು. ಇಂಡಿಯಾನ ವಿಶ್ವವಿದ್ಯಾಲಯದ ತಂಡವನ್ನೇ ನೋಡಿ. ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸದಲ್ಲಿ ಸೋಲಿಗೇ ಹೆಸರಾಗಿದ್ದ ಆ ತಂಡಕ್ಕೆ ಕರ್ಟ್ ಸಿಗ್ನೆಟಿ ತರಬೇತುದಾರರಾಗಿ ಬಂದರು. ತಮ್ಮ ಹಿಂದಿನ ಕಾಲೇಜಿನ ಹಲವು ಆಟಗಾರರನ್ನೂ ಕರೆತಂದರು. 2024ರಲ್ಲಿ ಮೊದಲ ಹತ್ತು ಪಂದ್ಯಾಟ ಗೆದ್ದರು. 2025ರ ಸಾಲಿನಲ್ಲಿ ಆಡಿದ ಹದಿನಾರನ್ನೂ ಗೆದ್ದು, 2026 ಜನವರಿ 19ರಂದು ಮಿಯಾಮಿ ತಂಡವನ್ನು 27–21ರಿಂದ ಮಣಿಸಿ ರಾಷ್ಟ್ರದ ಚಾಂಪಿಯನ್ ಆದರು. ಹಣವಿಲ್ಲದೆ ಇದು ಆಗುತ್ತಿತ್ತೆಂದು ಹೇಳಲು ನಮಗೆ ಧೈರ್ಯವಿಲ್ಲ. ಆದರೂ ಗುಡ್ಡದ ಮೇಲಿನ ಹುಲ್ಲಿನಲ್ಲಿ ಕೂತು ಅತ್ತವರಿಗೆ ಆ ಹಣದಲ್ಲಿ ಪಾಲಿಲ್ಲ. ಅವರ ಸಂತೋಷ ಹಣಕ್ಕೆ ಸಿಕ್ಕಿದ್ದೂ ಅಲ್ಲ.

ಅರ್ಜೆಂಟೀನವನ್ನು ನಾವು ಆರಿಸಿಕೊಂಡದ್ದು, ಅದು ಗೆಲ್ಲುತ್ತದೆಂದು. ನಮ್ಮ ಜಂಕ್ಷನಿನಲ್ಲಿ ಸದಾ ಸೋಲುವ ದೇಶದ ಪತಾಕೆ ಕಟ್ಟಿದವರನ್ನು ನಾವು ನೋಡಿಲ್ಲ. ಆದರೆ ಕಲಿತ ಶಾಲೆಯನ್ನು ಹಾಗೆ ಆರಿಸಿಕೊಳ್ಳಲಿಕ್ಕಾಗುವುದಿಲ್ಲ, ಬದಲಿಸಲಿಕ್ಕೂ ಆಗುವುದಿಲ್ಲ. ಅದು ಸೋತರೂ ನಮ್ಮದು, ಮಕ್ಕಳ ಸಂಖ್ಯೆ ಇಳಿದು ಒಂದು ಡಿವಿಜನ್ ಹೋದರೂ ನಮ್ಮದು. ಕಾಲೇಜು ತಂಡದ ಅಭಿಮಾನಿಗಳದು ಈ ಬಗೆಯ ನಂಟು. ಗೆಲುವು ಬಂದಾಗ ಮಾತ್ರ ಓಡಿಬರುವವರೂ ಅಲ್ಲಿ ಇಲ್ಲದಿಲ್ಲ. 2015ರಲ್ಲಿ ಮನೆಯಲ್ಲಿ ಮಲಗಿದ್ದವರು 2022ರಲ್ಲಿ ಟಿಕೆಟಿಗೆ ಸಾಲು ನಿಂತರು. ಹಳಬರು ಅವರನ್ನು ಹಂಗಿಸುವುದುಂಟಂತೆ. ನಮಗೆ ಅದು ಸರಿ ಕಾಣುವುದಿಲ್ಲ. ತಡವಾಗಿ ಬಂದವನಿಗೂ ಚಾಪೆಯ ಒಂದು ಮೂಲೆ ಬಿಟ್ಟುಕೊಡಬೇಕು. ನಾಳೆ ಸೋತಾಗ ಅವನೂ ಕುಳಿತಿರುತ್ತಾನೋ ಏನೋ.

ನಾಳೆ ಬೇಗನೆ ಬಂತು. ಒಕ್ಟೋಬರ 8ರಂದು ದೇಶದಾದ್ಯಂತ ಪ್ರಸಾರವಾಗುವ ಪ್ರಸಿದ್ಧ ಟಿ.ವಿ. ಕಾರ್ಯಕ್ರಮವೊಂದು ಫುಟ್ಬಾಲಿಗಾಗಿ ಮೊತ್ತಮೊದಲ ಬಾರಿ ಲಾರೆನ್ಸಿಗೆ ಬಂತು. ಎದುರಾಳಿ ಟಿ.ಸಿ.ಯು. ಆಟದ ಮೊದಲರ್ಧದಲ್ಲೇ ಡೇನಿಯಲ್ಸನ ಭುಜಕ್ಕೆ ಏಟು ಬಿತ್ತು. ಅವನ ಬದಲಿಗೆ ಇಳಿದ ಜೇಸನ್ ಬೀನ್ ನಾಲ್ಕು ಸಲ ಗೆರೆ ದಾಟುವ ಎಸೆತ ಎಸೆದರೂ 38–31ರಿಂದ ಸೋಲು. ಆ ಮೇಲೆ ಒಕ್ಲಹೋಮದಲ್ಲಿ ಸೋಲು, ಬೇಯ್ಲರಿನಲ್ಲಿ ಸೋಲು. 2009ನ್ನು ನೆನೆದು ಎಷ್ಟು ಮಂದಿ ನಿದ್ದೆ ಬಿಟ್ಟರೋ! ಆದರೆ ನವೆಂಬರ 5ರಂದು ಒಕ್ಲಹೋಮ ಸ್ಟೇಟ್ ಮೇಲೆ 37–16. ಆರನೆಯ ಗೆಲುವು, 2008ರ ಬಳಿಕ ಮೊದಲ ಬಾರಿ ಬೌಲ್ ಅರ್ಹತೆ. ಅಲ್ಲಿಯೂ ಕಂಬ ಕಿತ್ತರು, ಪಾಟರ್ ಸರೋವರಕ್ಕೆ ಹಾಕಿದರು. ಉಳಿದ ಮೂರನ್ನೂ ಸೋತರು. ಡಿಸೆಂಬರ 28ರ ಲಿಬರ್ಟಿ ಬೌಲಿನಲ್ಲಿ 25 ಅಂಕ ಹಿಂದೆ ಬಿದ್ದಿದ್ದವರು ಎದ್ದು ಬಂದು ಸಮ ಮಾಡಿ, ಮೂರು ಹೆಚ್ಚುವರಿ ಅವಧಿಗಳ ಬಳಿಕ ಅರ್ಕನ್ಸಾಸಿಗೆ 55–53ರಿಂದ ಸೋತರು. ವರ್ಷದ ಲೆಕ್ಕ: ಆರು ಗೆಲುವು, ಏಳು ಸೋಲು. 2023ರಲ್ಲಿ ಒಂಬತ್ತು ಗೆದ್ದರು, ಬೌಲನ್ನೂ ಗೆದ್ದರು. 2024ರಲ್ಲಿ ಮತ್ತೆ ಐದಕ್ಕೆ ಇಳಿದರು.

ನಮ್ಮ ಹಳೆ ವಿದ್ಯಾರ್ಥಿ ಇದನ್ನೆಲ್ಲ ಹೇಳುತ್ತಿದ್ದಾಗ ಬಾಗಿಲ ಬಳಿ ಎಂಟನೆಯ ತರಗತಿಯ ಆ ಮಕ್ಕಳು ಇನ್ನೂ ನಿಂತಿದ್ದರು. ಒಬ್ಬ ಕೇಳಿದ: "ಅಣ್ಣಾ, ಕೊನೆಗೆ ಕಪ್ಪು ಸಿಕ್ಕಿತಾ?"

"ಇಲ್ಲ."

"ಮತ್ತೆ ಈ ಅಂಗಿ?"

"ಅದು ಐದನೆಯದು ಗೆದ್ದ ಮರುದಿನ ಕೊಂಡದ್ದು" ಎಂದ. ಆಮೇಲೆ ಎದ್ದು ನಿಂತು, ಗೋಧಿಯ ಪೈರು ಹೇಗೆ ತೂಗುತ್ತದೆಂದು ಅವರಿಗೆ ಮಾಡಿ ತೋರಿಸಿದ. ಅಷ್ಟರಲ್ಲಿ ಬೆಲ್ಲಾಯಿತು. ಮಕ್ಕಳು ಕೈಗಳನ್ನು ಮೇಲೆತ್ತಿ ತೂಗುತ್ತ ಜಗಲಿಯುದ್ದಕ್ಕೂ ಓಡಿದರು. ಹಿಂದಿನಿಂದ ಲೆಕ್ಕದ ಟೀಚರ್ ಗದರುವುದು ಕೇಳಿಸಿತು.